ಅನುಸ್ಮೃತಿ: ಬಿಟ್ಟ ವಾಹನ, ಬಿಡದ ನೆನಪು

ವ್ರತಗಳಿಗೆ ಶಾಸ್ತ್ರಕಾರರು ಹೇಳಿರುವ ಅತಿಚಾರಗಳನ್ನು ಒಂದೆಡೆ ಇರಿಸಿ ನೋಡಿದರೆ ವಿಚಾರವಂತರಿಗೆ ಒಂದು ಸಂಗತಿ ಅಚ್ಚರಿಯನ್ನುಂಟುಮಾಡದೆ ಇರದು. ದಿಗ್ವ್ರತದಲ್ಲಿ ತಾನು ಹಾಕಿಕೊಂಡ ಎಲ್ಲೆಯನ್ನು ಮರೆಯುವುದು ದೋಷ. ಸಾಮಾಯಿಕದಲ್ಲಿ ಮರೆವು ದೋಷ. ಪ್ರೋಷಧೋಪವಾಸದಲ್ಲಿಯೂ ಮರೆವು ದೋಷವೇ. ಆದರೆ ಭೋಗೋಪಭೋಗ ಪರಿಮಾಣ ವ್ರತದ ಪ್ರಕರಣಕ್ಕೆ ಬಂದಾಗ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮರೆವನ್ನಲ್ಲ, ನೆನಪನ್ನೇ ದೋಷಗಳ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಅದರ ಹೆಸರು ಅನುಸ್ಮೃತಿ. ಎಂದರೆ, ಅನುಭವಿಸಿ ಮುಗಿದ ವಿಷಯಸುಖವನ್ನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳುವುದು. ಒಂದು ವ್ರತಕ್ಕೆ ಮರೆವು ಕುಂದು, ಇನ್ನೊಂದಕ್ಕೆ ನೆನಪು ಕುಂದು. ಹಾಗಾದರೆ ಯಾವುದನ್ನು ನೆನೆಯಬೇಕು, ಯಾವುದನ್ನು ನೆನೆಯಬಾರದು? ಕಳೆದುಹೋದ ಕಾಲದ ಹಂಬಲವೆಲ್ಲವೂ ದೋಷವೇ?

ಈ ಪ್ರಶ್ನೆ ಕೇವಲ ಪಂಡಿತರ ಚರ್ಚೆಗೆ ಸೇರಿದ್ದಲ್ಲ. ಇಂದಿನ ಗೃಹಸ್ಥರ ಮನೆಗಳಲ್ಲಿ, ಅದರಲ್ಲಿಯೂ ಅರುವತ್ತು ಎಪ್ಪತ್ತು ವರ್ಷ ದಾಟಿದ ಹಿರಿಯರ ಮನಸ್ಸಿನಲ್ಲಿ, ಇದು ದಿನನಿತ್ಯದ ಪ್ರಶ್ನೆಯಾಗಿದೆ. ಅದಕ್ಕೆ ಒಂದು ಸಾಮಾನ್ಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು: ತಾರುಣ್ಯದಲ್ಲಿ ಏರಿ ತಿರುಗಿದ ಮೋಟಾರ್ ಸೈಕಲ್ಲು.

ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಜೆಕೊಸ್ಲೊವಾಕಿಯದ ಜಾವಾ ಮೋಟಾರ್ ಸೈಕಲ್ಲುಗಳನ್ನು ತಯಾರಿಸಲು ಆರಂಭಿಸಿತು. 1970ರ ದಶಕದಲ್ಲಿ ಅದೇ ಯಂತ್ರ ಯೆಜ್ಡಿ ಎಂಬ ಹೆಸರನ್ನು ಪಡೆಯಿತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂದಿತು. ಸುಮಾರು ಮೂರೂವರೆ ದಶಕ ನಡೆದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಒಂದೇ ಸಿಲಿಂಡರ್, ಎರಡು ಹೊಗೆಕೊಳವೆ, 250 ಸಿ.ಸಿ.ಗೆ ತುಸುವೇ ಕಡಿಮೆಯಾದ ಎರಡು ಹೊಡೆತದ ಎಂಜಿನ್. ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿ ಹಾಕಬೇಕಾದ ಟಾಕಿ. ಗೇರು ಬದಲಿಸುವ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆತ್ತಿ ಒದೆಯುವ ವಿಚಿತ್ರ ಏರ್ಪಾಡು: ಇವು ಅದರ ಗುರುತುಗಳು. ಗದಗ-ಬೆಟಗೇರಿಯ ಅರಳೆ ಪೇಟೆಯ ವರ್ತಕನಿಗಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಎರೆಹೊಲದ ಒಡೆಯನಿಗಾಗಲಿ ಅಂದು ಇಂತಹ ವಾಹನ ಕೈಗೆ ಬಂದುದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಬಸ್ಸಿನ ವೇಳೆಗೆ ಕಾಯುತ್ತಿದ್ದವನು ತನ್ನ ವೇಳೆಗೆ ತಾನೇ ಒಡೆಯನಾದನು. ಎಡಕ್ಕೋ ಬಲಕ್ಕೋ ಕಪ್ಪತಗುಡ್ಡದ ಸಾಲು, ಮುಂದೆ ಎರೆಯ ಬಯಲು, ತುಂಗಭದ್ರೆಯ ಕಡೆಗಿಳಿಯುವ ದಾರಿ. ಇಪ್ಪತ್ತೆರಡು ವರ್ಷದ ದೇಹ. ಬೆನ್ನ ಹಿಂದೆ ಕುಳಿತ ಗೆಳೆಯ. ಇವೆಲ್ಲವೂ ಸೇರಿ ಆ ಯಂತ್ರದ ಸದ್ದಿನೊಳಗೆ ಅಡಗಿ ಕುಳಿತವು.

ಈ ಬಗೆಯ ಹಂಬಲ ಒಂದು ನಾಡಿಗೆ ಸೀಮಿತವಾದುದಲ್ಲ. ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿಟಿಒ ಮೊದಲಾಗಿ ಹತ್ತು ವರ್ಷಗಳ ಕಾಲ ದೈತ್ಯಬಲದ ಕಾರುಗಳ ಯುಗವೊಂದು ನಡೆಯಿತು. ಆರೇಳು ಲೀಟರ್ ಗಾತ್ರದ ಎಂಟು ಸಿಲಿಂಡರುಗಳ ಎಂಜಿನ್, ಅದರ ನೆತ್ತಿಯ ಮೇಲೆ ನಾಲ್ಕು ಕಂಠಗಳ ಕಾರ್ಬುರೇಟರ್, ಲೀಟರಿಗೆ ಬೆರಳೆಣಿಕೆಯ ಕಿಲೋಮೀಟರು ಓಟ. 1970ರ ವಾಯುಶುದ್ಧಿ ಕಾಯಿದೆ, 1973ರ ತೈಲ ಬಿಕ್ಕಟ್ಟು, ವಿಮೆಯ ದುಬಾರಿ ದರ ಇವು ಸೇರಿ ಆ ಯುಗವನ್ನು ಮುಗಿಸಿದವು. ಅಂದು ಅವುಗಳನ್ನು ಓಡಿಸಿದ ತರುಣರು ಇಂದು ಮುದುಕರು. ಅದೇ ಕಾರನ್ನು ಹುಡುಕಿ, ದುಬಾರಿ ಬೆಲೆ ತೆತ್ತು, ಬಣ್ಣ ಬಳಿದು ಮನೆಯ ಮುಂದೆ ನಿಲ್ಲಿಸಿಕೊಳ್ಳುತ್ತಾರೆ. ನಮ್ಮಲ್ಲಿ ಬೆಂಗಳೂರು, ಮೈಸೂರು ಮೊದಲಾದೆಡೆ ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ರವಿವಾರ ಜಾವಾ ಮತ್ತು ಯೆಜ್ಡಿಗಳ ಅಭಿಮಾನಿಗಳು ಒಂದುಗೂಡುತ್ತಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಯಂತ್ರದೊಡನೆ ಹಳೆಯ ಹೆಸರಿನಲ್ಲಿ ಮತ್ತೆ ಪೇಟೆಗೆ ಬಂದವು. ಹಂಬಲಕ್ಕೂ ಮಾರುಕಟ್ಟೆಯುಂಟೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮನಸ್ಸು ಹೋಗಿ ಅಂಟಿಕೊಳ್ಳುವುದು ಯಾವುದಕ್ಕೆ? ವೇಗಕ್ಕೆ ಎನ್ನುವಂತಿಲ್ಲ, ಇಂದಿನ ಸಾಧಾರಣ ವಾಹನವೂ ಅಂದಿನ ಯೆಜ್ಡಿಗಿಂತ ಹಿಂದುಳಿಯುವುದಿಲ್ಲ. ಕಾರಣ ಕಾರ್ಬುರೇಟರಿನ ಕೆಲಸದಲ್ಲಿಯೇ ಇದೆ. ಎಂಜಿನ್ ಉಸಿರನ್ನು ಒಳಗೆ ಎಳೆದುಕೊಳ್ಳುವಾಗ ಗಾಳಿ ಒಂದು ಕಿರಿದಾದ ಕಂಠದ ಮೂಲಕ ಹಾಯುತ್ತದೆ. ಕಿರಿದಾದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ. ಆ ತಗ್ಗಿದ ಒತ್ತಡ ಸಣ್ಣ ರಂಧ್ರದಿಂದ ಪೆಟ್ರೋಲನ್ನು ಹೀರಿ ಮಂಜಿನಂತೆ ಚೆದರಿಸುತ್ತದೆ. ಗಾಳಿಯೆಷ್ಟು, ಪೆಟ್ರೋಲೆಷ್ಟು ಎಂಬ ಹದವನ್ನು ತಿರುಪುಗಳ ಮೂಲಕ ಮನುಷ್ಯನ ಕೈ ನಿರ್ಧರಿಸಬೇಕು. ಅದು ಸರಿಯೋ ತಪ್ಪೋ ಎಂಬುದನ್ನು ಅವನ ಕಿವಿ ಹೇಳಬೇಕು. ಚಳಿಗಾಲದ ಮುಂಜಾವಿನಲ್ಲಿ ಟಿಕ್ಲರನ್ನು ಒತ್ತಿ ಪೆಟ್ರೋಲು ಜಿನುಗುವವರೆಗೆ ಕಾಯಬೇಕು. ಇಂತಹ ಯಂತ್ರ ತನ್ನ ಒಡೆಯನನ್ನು ಬೇಡುತ್ತದೆ. ಅವನ ಬೆರಳು, ಕಿವಿ, ಮೂಗು, ತಾಳ್ಮೆ ಎಲ್ಲವನ್ನೂ ಬೇಡುತ್ತದೆ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಆರನೆಯ ಹಂತದ ಹೊಗೆ ನಿಯಮ ಜಾರಿಗೆ ಬಂದ ಮೇಲೆ ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಇಂಧನವನ್ನು ವಿದ್ಯುನ್ಮಾನ ಸಾಧನವೇ ಅಳೆದು ಚಿಮ್ಮಿಸುತ್ತದೆ. ಅದು ಗುಂಡಿಯನ್ನು ಒತ್ತಲು ಒಂದು ಬೆರಳನ್ನು ಬಿಟ್ಟರೆ ಬೇರೇನನ್ನೂ ಕೇಳುವುದಿಲ್ಲ. ಆದುದರಿಂದ ಹಿರಿಯನು ನೆನೆಯುವುದು ಕಬ್ಬಿಣದ ಯಂತ್ರವನ್ನಲ್ಲ; ಆ ಯಂತ್ರಕ್ಕೆ ಬೇಕಾಗಿದ್ದ ತನ್ನನ್ನು. ಬಲವುಳ್ಳ ಕಾಲು, ಚುರುಕಾದ ಕಿವಿ, ಭಯವರಿಯದ ಎದೆ ಇವುಗಳನ್ನು. ಕಳೆದುಹೋದುದು ವಾಹನವಲ್ಲ, ತನ್ನದೇ ಒಂದು ಪರ್ಯಾಯ.

ಇಲ್ಲಿಗೆ ಬಂದಾಗ ಅನುಸ್ಮೃತಿಯನ್ನು ಆಚಾರ್ಯರು ಏಕೆ ಅತಿಚಾರವೆಂದರು ಎಂಬುದು ತಿಳಿಯತೊಡಗುತ್ತದೆ. ಆ ವ್ರತಕ್ಕೆ ಅವರು ಹೇಳಿರುವ ಐದು ಅತಿಚಾರಗಳ ನಡುವೆ ಕಾಲಕ್ರಮವೊಂದು ಕಾಣುತ್ತದೆ. ವಿಷಯಗಳು ವಿಷವೆಂದು ತಿಳಿದೂ ಅವುಗಳಲ್ಲಿ ಆದರವನ್ನು ಬಿಡದಿರುವುದು ಮೊದಲನೆಯದು. ಕಳೆದುದನ್ನು ನೆನೆಯುವುದು, ಕೈಯಲ್ಲಿರುವುದರಲ್ಲಿ ಅತಿಯಾದ ಚಪಲ, ಮುಂದೆ ಬರಬೇಕಾದುದರಲ್ಲಿ ಅತಿಯಾದ ತೃಷೆ, ಮಿತಿಮೀರಿದ ಅನುಭವ ಇವು ಉಳಿದವು. ಭೂತ, ವರ್ತಮಾನ, ಭವಿಷ್ಯ ಮೂರು ಕಾಲಗಳಲ್ಲಿಯೂ ರಾಗವು ತನ್ನ ಬೇರನ್ನಿಳಿಸಬಲ್ಲದು. ಕೈಯಿಂದ ಬಿಟ್ಟ ವಸ್ತುವನ್ನು ಮನಸ್ಸು ನೆನಪಿನ ಮೂಲಕ ಮರಳಿ ಪಡೆಯುತ್ತದೆ. ವಾಹನವೂ ಶಾಸ್ತ್ರಕ್ಕೆ ಹೊರಗಿನ ಮಾತೇನಲ್ಲ. ಕಾಲಮಿತಿಯಿಂದ ನಿಯಮ ಮಾಡಿಕೊಳ್ಳಬೇಕಾದ ಭೋಗೋಪಭೋಗಗಳಲ್ಲಿ ಆಹಾರದ ಹಿಂದೆಯೇ ವಾಹನವನ್ನು ಆಚಾರ್ಯರು ಹೆಸರಿಸಿದ್ದಾರೆ. ಇಂದು, ಒಂದು ಹಗಲು, ಒಂದು ಪಕ್ಷ, ಒಂದು ತಿಂಗಳು ಎಂದು ಅವಧಿಯನ್ನು ಇರಿಸಿಕೊಂಡು ಬಿಡಬಹುದಾದ ವಸ್ತು ಅದು.

ದಶಲಕ್ಷಣ ಪರ್ವದ ಹತ್ತು ದಿನ ವಾಹನವನ್ನು ತ್ಯಜಿಸಿ, ಏಕಾಶನವನ್ನೋ ಉಪವಾಸವನ್ನೋ ಮಾಡಿ, ಬಸದಿಗೆ ನಡೆದೇ ಹೋಗುವ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅನಂತ ಚತುರ್ದಶಿಯ ಮಧ್ಯಾಹ್ನ, ಹಸಿವು ದೇಹವನ್ನು ಬಳಲಿಸಿರುವಾಗ, ಬೀದಿಯಲ್ಲಿ ಹಳೆಯ ಯೆಜ್ಡಿಯೊಂದರ ಸದ್ದು ಕೇಳುತ್ತದೆ. ಕೈಯಲ್ಲಿ ಜಪಮಾಲೆ ಇದ್ದಂತೆಯೇ ಮನಸ್ಸು ನಲವತ್ತು ವರ್ಷ ಹಿಂದಕ್ಕೆ ಹೋಗಿ ಮುಂಡರಗಿಯ ದಾರಿಯಲ್ಲಿ ಓಡತೊಡಗುತ್ತದೆ. ಅವನು ವಾಹನವನ್ನು ಮುಟ್ಟಲಿಲ್ಲ, ಅನ್ನವನ್ನು ಮುಟ್ಟಲಿಲ್ಲ. ಆದರೂ ಆ ಒಂದು ಗಳಿಗೆ ಯಾರ ಗಳಿಗೆಯಾಯಿತು? ಸದ್ದು ಕಿವಿಗೆ ಬಿದ್ದುದು ದೋಷವಲ್ಲ. ನೆನಪು ತಾನಾಗಿ ಎದ್ದುದೂ ಕರ್ಮೋದಯದ ಫಲ. ಎದ್ದುದನ್ನು ಗುರುತಿಸಿ ಮರಳಿ ಬರಬಲ್ಲವನು ವ್ರತವನ್ನು ಕಳೆದುಕೊಂಡಿಲ್ಲ. ಎದ್ದ ನೆನಪಿಗೆ ಮಣೆ ಹಾಕಿ ಕೂರಿಸಿ, ಅದರ ರುಚಿಯನ್ನು ಮೆಲುಕು ಹಾಕತೊಡಗಿದಾಗ ‘ಸ್ಮೃತಿ’ಯು ‘ಅನುಸ್ಮೃತಿ’ಯಾಗುತ್ತದೆ. ಪರಿಗ್ರಹವೆಂದರೆ ವಸ್ತುವಲ್ಲ, ಮೂರ್ಛೆಯೇ ಪರಿಗ್ರಹ ಎಂಬ ತತ್ತ್ವಾರ್ಥಸೂತ್ರದ ಅಭಿಪ್ರಾಯವನ್ನು ಒಪ್ಪಿದವರು, ಇಲ್ಲದ ವಸ್ತುವಿಗೂ ಪರಿಗ್ರಹವಾಗುವ ಶಕ್ತಿಯುಂಟೆಂಬುದನ್ನು ಒಪ್ಪಲೇಬೇಕು.

ಇಂತಹ ನೆನಪಿಗೆ ಇನ್ನೊಂದು ಕುಂದೂ ಉಂಟು. ಅದು ಪೂರ್ತಿ ನಿಜವನ್ನು ಹೇಳುವುದಿಲ್ಲ. ಎರಡು ಹೊಡೆತದ ಎಂಜಿನ್ನಿನಲ್ಲಿ ಹೊಸ ಇಂಧನ ಒಳಗೆ ಬರುವಾಗಲೇ ಹಳೆಯ ಹೊಗೆ ಹೊರಗೆ ಹೋಗುವುದರಿಂದ ಸುಡದ ಪೆಟ್ರೋಲು ಮತ್ತು ಎಣ್ಣೆಯ ಒಂದು ಪಾಲು ಹೊಗೆಯೊಡನೆ ನೇರವಾಗಿ ಗಾಳಿಗೆ ಸೇರುತ್ತಿತ್ತು. ಆ ನೀಲಿ ಹೊಗೆಯನ್ನು ಉಸಿರಾಡಿದವರು ಹಿಂದೆ ನಡೆದು ಬರುತ್ತಿದ್ದವರು. ಮಳೆಗಾಲದ ಸಂಜೆ ದೀಪದ ಬೆಳಕಿಗೆ ಮುತ್ತಿ ಸತ್ತ ಹುಳಗಳೆಷ್ಟೋ! ಕಿಸೆಯಲ್ಲಿ ತಿರುಪುಳಿ ಇರದೆ ಹೊರಡುವಂತಿರಲಿಲ್ಲ; ಎರೆಮಣ್ಣು ಮಡ್‌ಗಾರ್ಡಿನಲ್ಲಿ ಕಚ್ಚಿಕೊಂಡು ಚಕ್ರ ತಿರುಗದಂತಾದ ದಿನಗಳೂ ಇದ್ದವು. ಮಗನು ಕತ್ತಲಾದರೂ ಬಾರದಿದ್ದಾಗ ಹೊಸ್ತಿಲಲ್ಲಿ ಕುಳಿತ ತಾಯಿ ಎಣಿಸಿದ ಗಳಿಗೆಗಳು ಅವನ ನೆನಪಿನ ಲೆಕ್ಕದಲ್ಲಿ ಇಲ್ಲ. ರಾಗವು ತನಗೆ ಬೇಕಾದುದನ್ನು ಆರಿಸಿಕೊಂಡು ಉಳಿದುದನ್ನು ಮರೆಸುತ್ತದೆ. ಅಂದಿನ ಕಾಲವೇ ಕಾಲ, ಇಂದು ಏನೂ ಇಲ್ಲ ಎಂಬ ಮಾತು ಹಿರಿಯರ ಬಾಯಲ್ಲಿ ಬಂದಾಗ ಅದು ಕೇವಲ ಹಂಬಲವಲ್ಲ, ಅರೆಸತ್ಯವೂ ಹೌದು. ಸತ್ಯಾಣುವ್ರತಿಯು ತನ್ನ ನೆನಪಿಗೂ ಸಾಕ್ಷಿ ಕೇಳಬೇಕಾಗುತ್ತದೆ.

ಇಷ್ಟಾದ ಮೇಲೆ ನೆನಪನ್ನೆಲ್ಲ ಸುಟ್ಟುಬಿಡಬೇಕೆಂದು ತೀರ್ಮಾನಿಸುವುದು ಸುಲಭ. ಆದರೆ ಶಾಸ್ತ್ರದ ಅಭಿಪ್ರಾಯ ಅದಲ್ಲ. ನೆನಪಿನ ಎರಡು ಮುಖಗಳನ್ನೂ ಒಂದೇ ಜೀವದಲ್ಲಿ ತೋರಿಸಿಕೊಟ್ಟ ಕಥೆ ನಮ್ಮ ಪ್ರಥಮಾನುಯೋಗದಲ್ಲಿಯೇ ಇದೆ. ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಆ ಪುಲಿಗೆರೆಯ ತಿರುಳ್ಗನ್ನಡದ ಹೆಮ್ಮೆಯುಳ್ಳ ಪಂಪ ಮಹಾಕವಿಯು ಕ್ರಿ.ಶ. 941ರಲ್ಲಿ ಪೂರೈಸಿದ ಆದಿಪುರಾಣದಲ್ಲಿ, ಅದಕ್ಕೆ ಮೂಲವಾದ ಜಿನಸೇನಾಚಾರ್ಯರ ಪುರಾಣದಲ್ಲಿ, ಶ್ರೀಮತಿಯ ವೃತ್ತಾಂತವಿದೆ. ಆಕಾಶದಲ್ಲಿ ದೇವತೆಗಳು ಹೋಗುವುದನ್ನು ಕಂಡು ಆಕೆಗೆ ಜಾತಿಸ್ಮರಣೆಯಾಗುತ್ತದೆ. ಹಿಂದಿನ ಜನ್ಮದಲ್ಲಿ ತಾನು ಸ್ವಯಂಪ್ರಭೆಯಾಗಿ ಲಲಿತಾಂಗದೇವನೊಡನೆ ಸ್ವರ್ಗದಲ್ಲಿ ಸುಖಿಸಿದುದು ನೆನಪಾಗಿ ಮೂರ್ಛೆ ಹೋಗುತ್ತಾಳೆ. ಎಚ್ಚೆತ್ತವಳು ಆ ಸುಖದ ದಿನಗಳನ್ನು ಚಿತ್ರಪಟವಾಗಿ ಬರೆದು, ನಲ್ಲನನ್ನು ಹುಡುಕಲು ಪಂಡಿತೆಯೆಂಬ ದಾದಿಯ ಕೈಯಲ್ಲಿ ಕಳುಹಿಸುತ್ತಾಳೆ. ಪಟವನ್ನು ಕಂಡು ವಜ್ರಜಂಘನಿಗೂ ಹಿಂದಿನದು ನೆನಪಾಗುತ್ತದೆ, ಇಬ್ಬರೂ ಕೂಡುತ್ತಾರೆ. ಕಳೆದ ಸುಖದ ನೆನಪು ಮತ್ತೆ ಅದೇ ಸುಖವನ್ನು ಬೇಡಿ ಪಡೆಯಿತು. ಪಡೆದ ಸುಖದ ಕೊನೆಯಾದರೂ ಏನು? ಗವಾಕ್ಷಗಳನ್ನು ಮುಚ್ಚಿದ ಶಯ್ಯಾಗೃಹದಲ್ಲಿ ಸುಗಂಧಧೂಪದ ಹೊಗೆಯೇ ಆ ದಂಪತಿಗಳ ಉಸಿರನ್ನು ಕಟ್ಟಿ ಪ್ರಾಣವನ್ನು ಒಯ್ಯಿತು.

ಅದೇ ಶ್ರೀಮತಿಯ ಜೀವವು ಹಲವು ಭವಗಳನ್ನು ದಾಟಿ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನಾಗಿ ಹುಟ್ಟುತ್ತದೆ. ವೃಷಭಸ್ವಾಮಿಯು ಆರು ತಿಂಗಳು ಉಪವಾಸದಿಂದ ನಿಂತು, ಆ ಮೇಲೆ ಆಹಾರಕ್ಕೆಂದು ಹೊರಟಾಗ ಜನರಿಗೆ ಆಹಾರದಾನದ ವಿಧಿಯೇ ತಿಳಿದಿರಲಿಲ್ಲ. ಭಕ್ತಿಯಿಂದಲೇ ಅವರು ರತ್ನಗಳನ್ನು ತಂದರು, ವಸ್ತ್ರಗಳನ್ನು ತಂದರು, ವಾಹನಗಳನ್ನೂ ತಂದು ನಿಲ್ಲಿಸಿದರು. ಎಲ್ಲವನ್ನೂ ತೊರೆದವನ ಮುಂದೆ ತಮಗೆ ಪ್ರಿಯವಾದುದನ್ನೇ ಇಟ್ಟರು. ಸ್ವಾಮಿಯು ಮೌನದಿಂದ ಮುಂದೆ ನಡೆದನು. ಆಗ ಶ್ರೇಯಾಂಸನಿಗೆ ಸ್ವಾಮಿಯನ್ನು ಕಂಡೊಡನೆ ಜಾತಿಸ್ಮರಣೆಯಾಗುತ್ತದೆ. ಈ ಬಾರಿ ಅವನಿಗೆ ನೆನಪಾದುದು ಶಯ್ಯಾಗೃಹವಲ್ಲ, ಸ್ವರ್ಗದ ಸುಖವಲ್ಲ. ವಜ್ರಜಂಘ ಶ್ರೀಮತಿಯರು ಚಾರಣ ಮುನಿಗಳಿಬ್ಬರಿಗೆ ದಾರಿಯಲ್ಲಿ ಆಹಾರವಿತ್ತ ವಿಧಿ. ಆ ನೆನಪಿನಿಂದ ಅವನು ಕಬ್ಬಿನ ಹಾಲನ್ನು ವಿಧಿಪೂರ್ವಕವಾಗಿ ನೀಡಿದನು, ಆದಿತೀರ್ಥಂಕರರ ಪಾರಣೆಯಾಯಿತು. ಆ ದಿನವನ್ನೇ ನಾವು ಅಕ್ಷಯತೃತೀಯೆಯೆಂದು ಆಚರಿಸುತ್ತೇವೆ.

ಜೀವ ಒಂದೇ, ನೆನಪಿಗೆ ಆಧಾರವಾದ ಹಿಂದಿನ ಭವಗಳ ಸರಣಿಯೂ ಒಂದೇ. ಆದರೆ ಒಂದು ನೆನಪು ‘ಮತ್ತೆ ಬೇಕು’ ಎಂದಿತು, ಇನ್ನೊಂದು ‘ಹೀಗೆ ಕೊಡಬೇಕು’ ಎಂದಿತು. ಒಂದು ಮೂರ್ಛೆಯನ್ನು ತಂದಿತು. ಇನ್ನೊಂದು ಲೋಕದಲ್ಲಿ ದಾನತೀರ್ಥವನ್ನು ಪ್ರವರ್ತಿಸಿತು. ಅನುಸ್ಮೃತಿಗೂ ಸತ್‌ಸ್ಮೃತಿಗೂ ಇರುವ ಗಡಿ ಇಲ್ಲಿದೆ. ನೆನಪು ಯಾವ ಕಾಲದ್ದು, ಯಾವ ವಸ್ತುವಿನದು ಎಂಬುದು ಮುಖ್ಯವಲ್ಲ. ಅದು ನೆನೆಯುವವನಿಂದ ಏನನ್ನು ಕೇಳುತ್ತದೆ ಎಂಬುದು ಮುಖ್ಯ. ದಿಗ್ವ್ರತ, ಸಾಮಾಯಿಕ, ಪ್ರೋಷಧಗಳಲ್ಲಿ ಮರೆವನ್ನು ದೋಷವೆಂದುದಕ್ಕೂ, ಭೋಗಪರಿಮಾಣದಲ್ಲಿ ನೆನಪನ್ನು ದೋಷವೆಂದುದಕ್ಕೂ ವಿರೋಧವಿಲ್ಲ. ಕರ್ತವ್ಯದ ನೆನಪು ವ್ರತಕ್ಕೆ ಬೇಲಿ. ಭೋಗದ ನೆನಪು ಆ ಬೇಲಿಯಲ್ಲಿನ ಕಂಡಿ.

ಈ ಅಳತೆಗೋಲನ್ನು ಹಳೆಯ ವಾಹನದ ಹಂಬಲಕ್ಕೂ ಹಿಡಿಯಬಹುದು. ಮೈಸೂರಿನ ಕಾರ್ಖಾನೆಯಲ್ಲಿ 35 ವರ್ಷ ಕನ್ನಡಿಗರು ದುಡಿದು ಗಟ್ಟಿಯಾದ ವಸ್ತುವೊಂದನ್ನು ಮಾಡಿದರೆಂಬುದನ್ನು ನೆನೆಯುವುದು ಕೃತಜ್ಞತೆ. ರಾತ್ರಿ ವೇಳೆ ನೆರೆಯ ಊರಿನ ರೋಗಿಯನ್ನು ಹಿಂದೆ ಕೂರಿಸಿಕೊಂಡು ಗದಗಿನ ಆಸ್ಪತ್ರೆಗೆ ಮುಟ್ಟಿಸಿದವನಿದ್ದರೆ, ಅದರ ನೆನಪು ಇಂದೂ ಅಂತಹ ಕೆಲಸಕ್ಕೆ ಅವನನ್ನು ಎಬ್ಬಿಸಬಹುದು. ತಿರುಪು ಹಿಡಿದು ಕಲಿತ ಕೈಚಳಕವನ್ನು ಓಣಿಯ ಬಡಹುಡುಗನೊಬ್ಬನಿಗೆ ಹೇಳಿಕೊಟ್ಟರೆ ಅದು ಜೀವನೋಪಾಯದ ದಾನವೇ ಆದೀತು. ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿರುವ ಯಂತ್ರವನ್ನು ಯಾರಿಗೂ ಕೊಡದೆ, ತಾನೂ ಬಳಸದೆ, ದಿನವೂ ಒರೆಸಿ ನೋಡಿ ನಿಟ್ಟುಸಿರಿಡುವುದು ಮಾತ್ರ ಬೇರೆ ಜಾತಿಯದು. ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಸಮಂತಭದ್ರಾಚಾರ್ಯರು ಅತಿಸಂಗ್ರಹವನ್ನೂ ಲೋಭವನ್ನೂ ಹೇಳಿರುವುದನ್ನು ಅಲ್ಲಿ ನೆನೆಯಬೇಕಾಗುತ್ತದೆ. ಮಾರಬೇಕೇ, ಇಟ್ಟುಕೊಳ್ಳಬೇಕೇ ಎಂಬುದು ಗೃಹಸ್ಥನ ಪರಿಮಾಣಕ್ಕೆ ಬಿಟ್ಟ ಮಾತು. ಪರಿಮಾಣದೊಳಗೆ ಇಟ್ಟುಕೊಂಡವನನ್ನು ಹಳಿಯುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಹಾಗೆಯೇ ತನ್ನ ಹಿಂದಿನ ಸುಖದ ಮೇಲೆ ತಾನೇ ಸಿಟ್ಟಾಗುವುದೂ ಬಿಡುಗಡೆಯಲ್ಲ. ದ್ವೇಷವೂ ರಾಗದಷ್ಟೇ ಗಟ್ಟಿಯಾದ ಬಂಧ.

ಅದೇ ನೆನಪು ಅನಿತ್ಯಾನುಪ್ರೇಕ್ಷೆಯ ಮೆಟ್ಟಿಲೂ ಆಗಬಲ್ಲದು. ದ್ರವ್ಯವು ಪರ್ಯಾಯಗಳನ್ನು ತಾಳುತ್ತದೆ, ಕಳೆಯುತ್ತದೆ. ಧ್ರೌವ್ಯವಾಗಿ ಉಳಿಯುತ್ತದೆ ಎಂಬ ಮಾತನ್ನು ಸ್ವಾಧ್ಯಾಯದಲ್ಲಿ ನೂರು ಸಲ ಕೇಳಿದವನಿಗೂ ಅದು ಕೇವಲ ಮಾತಾಗಿ ಉಳಿದಿರಬಹುದು. ಒಂದೇ ಒದೆಗೆ ಎಂಜಿನನ್ನು ಎಬ್ಬಿಸುತ್ತಿದ್ದ ಕಾಲು ಇಂದು ಬಸದಿಯ ಮೆಟ್ಟಿಲೇರಲು ಗೋಡೆಯನ್ನು ಹಿಡಿಯುತ್ತದೆ ಎಂಬುದನ್ನು ಅವನು ಸುಮ್ಮನೆ, ನಿಟ್ಟುಸಿರಿಲ್ಲದೆ, ನೋಡಿಕೊಂಡರೆ ಆ ಮಾತು ಅನುಭವವಾಗುತ್ತದೆ. ಕಾಲು ಬದಲಾಯಿತು, ಯಂತ್ರ ಬದಲಾಯಿತು, ಅಂದೂ ಇಂದೂ ಅದನ್ನು ಅರಿತವನು ಬದಲಾಗಲಿಲ್ಲ. ಆ ಅರಿವಿನ ಕಡೆಗೆ ತಿರುಗಿದ ನೆನಪು ದೋಷವಲ್ಲ.

ಈ ವಿಚಾರವು ಕೊನೆಗೆ ಮುಟ್ಟುವ ಜಾಗ ಇನ್ನೂ ಗಂಭೀರವಾದುದು. ಸಲ್ಲೇಖನೆಯ ಐದು ಅತಿಚಾರಗಳಲ್ಲಿ ಉಮಾಸ್ವಾಮಿಗಳು ಮಿತ್ರಾನುರಾಗ ಮತ್ತು ಸುಖಾನುಬಂಧಗಳನ್ನು ಹೇಳಿದ್ದಾರೆ. ಧೂಳಿನಲ್ಲಿ ಜತೆಯಾಗಿ ಆಡಿದ ಗೆಳೆಯರ ನೆನಪು ಮೊದಲನೆಯದು, ಹಿಂದೆ ಉಂಡ ಸುಖಗಳ ನೆನಪು ಎರಡನೆಯದು ಎಂದು ಪೂಜ್ಯಪಾದರು ಅದನ್ನು ವಿವರಿಸಿದ್ದಾರೆ. ಎಂದರೆ, ಎಲ್ಲ ಆಹಾರವನ್ನೂ ಬಿಟ್ಟ ಸಾಧಕನಿಗೂ ಬಿಡಲು ಉಳಿದಿರುವುದು ನೆನಪು. ನಮ್ಮ ಮನೆಗಳಲ್ಲಿ ಹಿರಿಯರೊಬ್ಬರು ಅಂತ್ಯಕಾಲದ ವ್ರತದಲ್ಲಿದ್ದಾಗ ನೋಡಲು ಬಂದ ಬಂಧುಗಳು ಪ್ರೀತಿಯಿಂದಲೇ ಹಳೆಯ ಮಾತುಗಳನ್ನು ತೆಗೆಯುತ್ತಾರೆ. ‘ಆ ಗಾಡಿಯಲ್ಲಿ ನಾವಿಬ್ಬರೂ ಹೋಗಿದ್ದೆವಲ್ಲ, ನೆನಪಿದೆಯೇ’ ಎಂದು ಕೇಳುತ್ತಾರೆ. ಬತ್ತಿದ ಮುಖದಲ್ಲಿ ನಗೆ ಮೂಡಿದುದನ್ನು ಕಂಡು ಉಪಕಾರ ಮಾಡಿದೆವೆಂದು ತಿಳಿಯುತ್ತಾರೆ. ಆ ನಗೆಯ ಬೆಲೆಯನ್ನು ತೆರುವವನು ಮಲಗಿರುವವನು. ಅವನು ಬಹು ಪ್ರಯಾಸದಿಂದ ಇಳಿಸಿಟ್ಟ ಹೊರೆಯನ್ನು ಮತ್ತೆ ಅವನ ಎದೆಯ ಮೇಲೆ ಇಟ್ಟಂತಾಯಿತು. ಅವನ ಬಳಿ ನೆನಪಿಸಬೇಕಾದುದು ಬೇರೆ ಇದೆ: ಅವನು ಮಾಡಿದ ದಾನ, ಕಾಪಾಡಿದ ವ್ರತ, ದರ್ಶನ ಪಡೆದ ಕ್ಷೇತ್ರ, ಪಂಚಪರಮೇಷ್ಠಿಗಳ ನಾಮ.

ಆದುದರಿಂದ ಈ ಅಭ್ಯಾಸವನ್ನು ಕೊನೆಯ ದಿನಕ್ಕೆಂದು ಕಾಯ್ದಿರಿಸುವಂತಿಲ್ಲ. ಅಷ್ಟಮಿ ಚತುರ್ದಶಿಗಳ ಉಪವಾಸಗಳು ಅದಕ್ಕಾಗಿಯೇ ಇವೆ. ಹದಿನಾರು ಪ್ರಹರಗಳ ಕಾಲ ಅನ್ನವನ್ನು ಬಿಟ್ಟವನು ಅಷ್ಟೇ ಕಾಲ ತನ್ನ ಪ್ರಿಯವಾದ ನೆನಪೊಂದನ್ನೂ ಬಿಟ್ಟು ನೋಡಲಿ. ಅದು ಬಂದಾಗ ಬೈದು ಅಟ್ಟುವುದು ಬೇಡ. ನೀನು ಕೇಳುವುದೇನು ಎಂದು ಒಂದು ಸಲ ವಿಚಾರಿಸಲಿ. ‘ಕೊಡು’ ಎಂದರೆ ಪಾರಣೆಯ ಮರುದಿನ ಆ ಕೊಡುವ ಕೆಲಸವನ್ನು ಮಾಡಿ ಮುಗಿಸಲಿ. ‘ಮತ್ತೆ ಬೇಕು’ ಎಂದರೆ, ಅದು ಹಸಿವಿನ ಇನ್ನೊಂದು ರೂಪವೆಂದು ತಿಳಿದು, ಹಸಿವನ್ನು ಸಹಿಸಿದಂತೆಯೇ ಅದನ್ನೂ ಸಹಿಸಲಿ. ಹೊಟ್ಟೆಯ ಉಪವಾಸ ಸೂರ್ಯೋದಯದ ನಂತರ ಮುಗಿಯುತ್ತದೆ. ಮನಸ್ಸಿನ ಉಪವಾಸದಿಂದ ಗಳಿಸಿದ ಹಗುರವು ಮುಂದಿನ ಪರ್ವದವರೆಗೂ ಜತೆಗಿರುತ್ತದೆ.